ಬ್ಯಾಡಗಿಯಲ್ಲಿ ಕೆಂಪು ಕಾಣದವನು

"ಇಪ್ಪತ್ತೊಂದು," ಎಂದ ಅವನು, ಯಾರೂ ಕೇಳದಿದ್ದರೂ.

ಸುರೇಖಾಳ ಕೈಯಲ್ಲಿದ್ದ ಪೆನ್ನು ಅಲ್ಲಿಯೇ ನಿಂತಿತು.

ಬ್ಯಾಡಗಿಯ ಆ ಪುಟ್ಟ ನೇತ್ರ ತಪಾಸಣಾ ಕೇಂದ್ರಕ್ಕೆ ಸಹಾಯಕಿಯಾದ ಅವಳು ಮಂಗಳವಾರ, ಶುಕ್ರವಾರ ರಾಣೆಬೆನ್ನೂರಿನ ಕಣ್ಣಾಸ್ಪತ್ರೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವನು ಪ್ರವೀಣಕುಮಾರ, ಮೆಣಸಿನಕಾಯಿ ದಲಾಲಿ ಅಂಗಡಿಯ ಕೊಟ್ರಪ್ಪನ ಅಣ್ಣನ ಮಗ. ತಮ್ಮಲ್ಲಿ ಕಾಯಿ ಆರಿಸುವ ಮಕ್ತುಮಬಿಯ ಕಣ್ಣು ತೋರಿಸಲು ಕರೆತಂದಿದ್ದ. ಆಕೆ ಹನಿ ಹಾಕಿಸಿಕೊಂಡು ಒಳಗೆ ಕಣ್ಣು ಮುಚ್ಚಿ ಕುಳಿತಿದ್ದಳು. ಹೊತ್ತು ಹೋಗದೆ ಅವನು ಮೇಜಿನ ಮೇಲಿನ ಪುಸ್ತಕ ತೆರೆದಿದ್ದ. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಪುಸ್ತಕ ಅದು.

"ಇದರಾಗ ಎಷ್ಟೈತ್ರಿ?" ಅವಳು ಇನ್ನೊಂದು ಹಾಳೆ ತೆರೆದಳು.

"ಮೂರು."

ಅಲ್ಲಿದ್ದದ್ದು ಎಂಟು. ಮೊದಲಿನದು ಎಪ್ಪತ್ನಾಲ್ಕು.

ಹೊಸಬರ ಎದುರು ಅವಳು ಮಾತಾಡುತ್ತಿದ್ದುದೇ ಕಡಿಮೆ. ಆದರೆ ಈ ಕೋಣೆಯಲ್ಲಿ, ಈ ಬಿಳಿ ಕೋಟಿನೊಳಗೆ, ಮಾತು ತಾನಾಗಿ ಬರುತ್ತಿತ್ತು.

"ನಿಮಗ ಕೆಂಪು ಹಸಿರು ಸರಿ ಗೊತ್ತಾಗೂದಿಲ್ರಿ. ಹುಟ್ಟಿದಾಗಿಂದ ಹಂಗs ಇರತೈತಿ. ಡಾಕ್ಟರ್ ಒಮ್ಮೆ ನೋಡಲಿ, ಆದ್ರ ಇದಕ್ಕ ಔಷಧ ಇಲ್ಲ."

ಅವನು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ.

"ಯಾರಿಗೂ ಹೇಳಬ್ಯಾಡ್ರಿ. ಬ್ಯಾಡಗ್ಯಾಗ ಕಾಯಿ ವ್ಯಾಪಾರ ಮಾಡಾಂವಗ ಕೆಂಪು ಕಾಣೂದಿಲ್ಲ ಅಂದ್ರ..."

"ಗೊತ್ತಿತ್ತೇನು ನಿಮಗ?"

"ಸಂಶೆ ಇತ್ತು."

"ಮತ್ತ ಇಷ್ಟು ದಿನ ಹೆಂಗ ಕಾಯಿ ಆರಿಸಿದ್ರಿ?"

"ಸುಕ್ಕು ನೋಡತೇನಿ. ಮುರದು ನೋಡತೇನಿ. ವಾಸನಿ ನೋಡತೇನಿ. ಅದೂ ತಿಳೀಲಿಲ್ಲಂದ್ರ ಮಕ್ತುಮಬಿ ಮುಖಾ ನೋಡತೇನಿ."

ನಗಬಾರದೆಂದುಕೊಂಡರೂ ಅವಳ ತುಟಿ ಅಲುಗಿತು. ಅದನ್ನು ಕಂಡು ಅವನೂ ಸೋತವನಂತೆ ನಕ್ಕ.

"ಈ ಖೋಲ್ಯಾಗಿನ ಮಾತು ಈ ಖೋಲಿ ದಾಟೂದಿಲ್ರಿ," ಎಂದಳು ಸುರೇಖಾ. "ಅದು ನಮ್ಮ ಕೆಲಸದ ನೇಮ."

ಆಮೇಲೆ ಮಂಗಳವಾರ ತಪ್ಪಿದರೆ ಶುಕ್ರವಾರ ಅವನು ಹಾಜರ್. ಪ್ರತಿ ಸಲವೂ ಯಾರನ್ನಾದರೂ ಹಿಡಿದು ತರುತ್ತಿದ್ದ.

"ಇವತ್ತ ಯಾರ ಕಣ್ಣು ಕೆಟ್ಟಾವ್ರಿ?"

"ನಮ್ಮ ಹಮಾಲ ಜಾಕೀರಂದು."

"ಕಣ್ಣು ಚಲೋ ಅದಾವಂತ ಹೋದ ವಾರಾನs ನೀವು ಹೇಳೀರಿ ಮೇಡಮ್," ಜಾಕೀರ್ ಗೋಳಾಡಿದ. "ಇದು ಮೂರನೇ ಸಲ. ಇವರಿಗೆ ಮಾತಾಡೂದಿದ್ರ ತಾವs ಬರಬೇಕಲ್ರಿ. ನಂದ್ಯಾಕ ಕೂಲಿ ಕೆಡಸ್ತಾರ?"

ಸುರೇಖಾ ತಲೆ ಎತ್ತಲಾರದೆ ದಾಖಲೆ ಪುಸ್ತಕದ ಮೇಲೆ ಬಾಗಿದಳು.

ರಾಣೆಬೆನ್ನೂರಿಗೆ ಹತ್ತಿರದ ಮೇಡ್ಲೇರಿಯ ಮನೆಯಲ್ಲಿ ಅವಳ ಅವ್ವ ಶಾರದವ್ವ ದಿನವೂ ಒಂದೇ ಮಾತು ಅನ್ನುತ್ತಿದ್ದಳು. "ಮಂದಿ ಕಣ್ಣಾಗ ಹನಿ ಹಾಕೂದೂ ಒಂದು ನೌಕರಿ ಏನಬೇ? ಟೀಚರ್ ಆಗಿದ್ರ ವರ ಸಾಲುಗಟ್ಟಿ ಬರ್ತಿದ್ರು." ಸುರೇಖಾ ಎದುರಾಡುತ್ತಿರಲಿಲ್ಲ. ಅವ್ವನಿಗೆ ಹೇಳಲಾಗದ್ದನ್ನು ಅವಳು ಹೇಳಿದ್ದು ಪ್ರವೀಣನಿಗೆ.

"ಹುಬ್ಬಳ್ಳ್ಯಾಗ ಆಪ್ಟೋಮೆಟ್ರಿ ಪದವಿಗೆ ಅರ್ಜಿ ಹಾಕೇನಿ."

"ಅಂದ್ರ ಡಾಕ್ಟರ್ ಆಗತೀರಿ?"

"ಇಲ್ರಿ. ಕಣ್ಣಿನ ನಂಬರ್ ತಗದು ಚಷ್ಮಾ ಬರದು ಕೊಡಾಕಿ ಆಗತೇನಿ. ಬ್ಯಾನಿ ಕಂಡ್ರ ಡಾಕ್ಟರ್ ಕಡೆ ಕಳಸಾಕಿ. ನಡುವ ನಮ್ಮಂಥಾವ್ರು ಇಲ್ಲಾಂದ್ರ ಎಷ್ಟೋ ಮಂದಿ ಡಾಕ್ಟರ್ ಬಾಗಿಲಿಗೆ ಹೋಗೂದs ಇಲ್ಲ. ಕಣ್ಣು ಪೂರಾ ಹೋದ ಮ್ಯಾಲೆ ಹೋಗತಾರ."

"ನೀವು ಇಷ್ಟು ಮಾತಾಡತೀರಿ ಅಂತ ಗೊತ್ತಿರಲಿಲ್ಲ."

ನನಗೂ ಗೊತ್ತಿರಲಿಲ್ಲ... ಎಂದುಕೊಂಡಳು ಅವಳು.

ಮಾರ್ಚ್ ತಿಂಗಳ ಒಂದು ಶುಕ್ರವಾರ ಬಾಗಿಲು ತೆರೆಯುವ ಮೊದಲೇ ಮಕ್ತುಮಬಿ ಕಟ್ಟೆಯ ಮೇಲೆ ಕುಳಿತಿದ್ದಳು.

"ನನ್ನ ಕಣ್ಣು ಚಲೋ ಅದಾವಂತ ಒಂದು ಹಾಳಿ ಬರದು ಕೊಡು ಬೇಟಿ. ಕೆಲಸದಿಂದ ಬಿಡಿಸ್ಯಾರ."

ಹಿಂದಿನ ವರ್ಷದ ಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಬಣ್ಣ ಕಳೆದುಕೊಂಡಿತ್ತು. ಅದನ್ನೊಂದು ಕಡೆ, ಹೊಸ ಕಾಯಿಯನ್ನೊಂದು ಕಡೆ ಗುಂಪು ಮಾಡಿ ಮಕ್ತುಮಬಿ ಊಟಕ್ಕೆ ಹೋಗಿದ್ದಳು. ಬರುವುದರೊಳಗೆ ಎರಡೂ ಬೆರೆತು ಚೀಲಗಳಲ್ಲಿ ತುಂಬಿ ಹೋಗಿದ್ದವು. ಕೊಂಡ ಕಂಪನಿ ಲೋಡು ಪೂರ್ತಿ ವಾಪಸ್ ಕಳಿಸಿತ್ತು.

"ಚಷ್ಮಾ ಬಂತು, ಕಣ್ಣು ಹೋದ್ವು, ಇನ್ನ ಮನ್ಯಾಗ ಕುಂದ್ರು ಅಂದ್ರು ದೊಡ್ಡ ಸಾವ್ಕಾರ್ರು."

"ಚೀಲ ಯಾರು ತುಂಬಿಸಿದ್ರು?"

"ಸಣ್ಣ ಸಾವ್ಕಾರ ಮುಂದ ನಿಂತಿದ್ದ."

"ಪ್ರವೀಣ ಅವರು... ಏನೂ ಅನ್ನಲಿಲ್ಲೇನು?"

"ತಲಿ ಕೆಳಗ ಹಾಕಿ ನಿಂತಿದ್ದ, ಪಾಪ."

ಸುರೇಖಾ ಬಾಗಿಲಿನ ಬೀಗ ತೆಗೆದಳು. ಪಾಪವಂತೆ... ಹೊಟ್ಟೆಯ ಮೇಲೆ ಹೊಡೆತ ತಿಂದವಳು ಅವನನ್ನು ಪಾಪ ಅನ್ನುತ್ತಿದ್ದಾಳೆ.

ಅವಳು ಮಕ್ತುಮಬಿಯನ್ನು ಕೂರಿಸಿ ದೂರದ್ದು, ಹತ್ತಿರದ್ದು, ಬಣ್ಣದ್ದು, ಎಲ್ಲ ಪರೀಕ್ಷೆ ಮಾಡಿದಳು. ಚಷ್ಮಾ ಹಾಕಿದರೆ ಎಲ್ಲವೂ ಸರಿಯಾಗಿತ್ತು. ಹಾಗೆಯೇ ಬರೆದು ಸಹಿ ಹಾಕಿ ಕೊಟ್ಟಳು.

ಮಧ್ಯಾಹ್ನ ಪ್ರವೀಣ ಬಂದ. ಜೊತೆಗೆ ಯಾರೂ ಇರಲಿಲ್ಲ.

"ಹೇಳೇ ಬಿಟ್ರಲ್ಲ ನೀವು. ಖೋಲಿ ದಾಟೂದಿಲ್ಲ ಅಂದಿದ್ರಿ."

"ಏನ್ ಹೇಳೇನಿ?"

"ಕಾಕಾ ನಿಮ್ಮ ಹಾಳಿ ಓದಿ, ಇಕಿ ಕಣ್ಣು ಸರಿ ಅದಾವಂದ್ರ ಕೆಟ್ಟಿದ್ದು ಯಾರ ಕಣ್ಣು ಅಂತ ನನ್ನ ಕಡೆನs ನೋಡಿದ. ನೀವು ಹೇಳದ ಹೆಂಗ ಗೊತ್ತಾತು?"

ಅವಳಿಗೆ ಅಳು ಬಂತು. ಅಳಲಿಲ್ಲ. ಆ ಹಾಳೆಯ ನಕಲು ತೆಗೆದು ಅವನ ಮುಂದಿಟ್ಟಳು.

"ಓದ್ರಿ. ನಿಮ್ಮ ಸುದ್ದಿ ಎಲ್ಲೈತಿ ತೋರಸ್ರಿ."

ಅವನು ಓದಿದ. ಮಕ್ತುಮಬಿಯ ಹೆಸರು, ಅವಳ ಎರಡು ಕಣ್ಣು, ಅಷ್ಟೇ. ನಿಧಾನಕ್ಕೆ ಕುರ್ಚಿಯ ಮೇಲೆ ಕುಳಿತ.

"ತಪ್ಪಾತು..."

"ನನಗ ಹೇಳಿ ಏನ್ ಮಾಡೂದು? ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ. ಅದು ನನ್ನ ಮಾತು. ಆದ್ರ ನಿಮ್ಮ ತಪ್ಪಿಗೆ ಆ ಮುದುಕಿ ಮನ್ಯಾಗ ಕುಂತಾಳ. ನೀವು ಬಾಯಿ ಬಿಡೂತನಕ ಈ ಬಾಗಿಲಿಗೆ ಬರಬ್ಯಾಡ್ರಿ."

"ಸುರೇಖಾ ಮೇಡಮ್..."

"ಹೊರಗ ಮಂದಿ ಕಾಯಾಕತ್ತಾರ್ರಿ."

ಅವನು ಹೋದ. ಅವಳು ಮುಂದಿನ ರೋಗಿಯ ಕಣ್ಣಿಗೆ ಟಾರ್ಚ್ ಹಿಡಿದಳು. ರಾಣೆಬೆನ್ನೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತ ಮೇಲೆ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸೋಮವಾರ ಪೇಟೆಯ ದಿನ. ಅಂಗಡಿ ತುಂಬ ಜನ. ಪ್ರವೀಣ ಮಕ್ತುಮಬಿಯನ್ನು ಮನೆಯಿಂದ ಕರೆತಂದು ಕಾಕಾನ ಎದುರು ನಿಲ್ಲಿಸಿದ.

"ಎರಡೂ ಗುಂಪಿ ಕೂಡಿಸಿ ತುಂಬಿಸಿದ್ದು ನಾನು ಕಾಕಾ. ನನಗ ಕೆಂಪು ಗೊತ್ತಾಗೂದಿಲ್ಲ. ಎಂದೂ ಗೊತ್ತಾಗಿಲ್ಲ."

ಕೊಟ್ರಪ್ಪ ಕೈಯಲ್ಲಿದ್ದ ಲೆಕ್ಕದ ಪುಸ್ತಕ ಮುಚ್ಚಿದ. ಹಮಾಲರೂ ಚೀಲ ಇಳಿಸಿ ನಿಂತರು.

"ಹತ್ತು ವರ್ಷ ಗಾದಿ ಮ್ಯಾಲೆ ಕುಂತು ಈಗ ಹೇಳತೀಯೇನಲೇ?"

"ಹೆದರಿಕಿ ಇತ್ತು."

"ನನಗ ಗೊತ್ತಿತ್ತು ಬಿಡ್ರಿ ಸಾವ್ಕಾರ್ರ," ಎಂದಳು ಮಕ್ತುಮಬಿ. "ಕಾಯಿ ಬಿಟ್ಟು ನನ್ನ ಮುಖಾ ನೋಡಾವ್ರು ಇವರೊಬ್ರs. ಅವರ ಬಾಯಿಂದ ಬರಲಿ ಅಂತ ಸುಮ್ಮಿದ್ದೆ."

ಕೊಟ್ರಪ್ಪ ಅವಳತ್ತ ತಿರುಗಿದ. "ನಾಳಿಂದ ಬಾ."

"ಬರತೇನ್ರಿ. ಆದ್ರ ಬಣ್ಣದ ಮಾತು ನಂದು. ನಾ ಹ್ಞೂಂ ಅನ್ನದs ಒಂದು ಚೀಲಾನೂ ಹೊಲೀಬಾರದು."

ಕೊಟ್ರಪ್ಪ ಮುಖ ಸಿಂಡರಿಸಿದ, ಆದರೆ ತಲೆಯಾಡಿಸಿದ. ಪ್ರವೀಣನಿಗೆ ಕಾಯಿ ನೋಡಿ ವ್ಯಾಪಾರ ಕುದುರಿಸುವ ಗಾದಿ ಹೋಯಿತು. ತೂಕದ ಕಡೆ ನಿಲ್ಲು ಎಂದ ಕಾಕಾ. ಅವನು ಹೋಗಿ ತಕ್ಕಡಿಯ ಪಕ್ಕ ನಿಂತ.

ಮರುದಿನ ಅವನು ಕೇಂದ್ರದ ಸಾಲಿನಲ್ಲಿ ಎಲ್ಲರ ಹಿಂದೆ ನಿಂತಿದ್ದ. ಬೆಳಿಗ್ಗೆಯೇ ಮಕ್ತುಮಬಿಯ ಬಾಯಿಂದ ಸುದ್ದಿ ಸುರೇಖಾಳನ್ನು ಮುಟ್ಟಿತ್ತು. ಆದರೂ ಅವನ ಸರದಿ ಬರುವವರೆಗೆ ಅವಳು ಕರೆಯಲಿಲ್ಲ.

"ಹೆಸರು ಬರೀರಿ," ಎಂದ ಕುಳಿತು. "ಇನ್ನ ಮುಚ್ಚೂದು ಬ್ಯಾಡ."

ಅವಳು ಬರೆಯತೊಡಗಿದಳು. "ಮನ್ಯಾಗ ಮತ್ತ ಯಾರಿಗರ ಹಿಂಗ ಐತೇನ್ರಿ?"

"ಅವ್ವನ ಅಪ್ಪಗ ಇತ್ತಂತ. ನಿನ್ನೆ ಹೇಳಿದ್ಲು." ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡ. "ನನ್ನ ಮಕ್ಕಳಿಗೂ ಬರತೈತೇನು?"

"ಗಂಡಮಕ್ಕಳಿಗೆ ನಿಮ್ಮಿಂದ ಬರೂದಿಲ್ಲ. ಹೆಣ್ಣಮಕ್ಕಳಿಗೂ ಬಹಳ ಮಾಡಿ ಸರಿ ಕಾಣತೈತಿ. ಆದ್ರ ಮಗಳ ಹೊಟ್ಟೀಲೆ ಗಂಡು ಹುಟ್ಟಿದ್ರ ಅವನಿಗೆ ಬರಬಹುದು."

"ಹಂಗಾರ ಮೊಮ್ಮಗನ್ನ ಪರೀಕ್ಷೆ ಮಾಡೂತನಕ ನೀವು ನನ್ನ ಜೋಡಿ ಇರಬೇಕಾಗತೈತಿ."

ಪೆನ್ನು ನಿಂತಿತು. ಈಗ ತಲೆ ತಗ್ಗಿಸಿದರೆ ಮತ್ತೆಂದೂ ಎತ್ತಲಾರೆ ಅನಿಸಿ ಅವಳು ನೇರ ಅವನನ್ನೇ ನೋಡಿದಳು.

"ಹುಬ್ಬಳ್ಳ್ಯಾಗ ನನಗ ಸೀಟು ಸಿಕ್ಕೈತಿ. ನಾಲ್ಕು ವರ್ಷ. ಅದು ಮುಗಿಯೂತನಕ ಲಗ್ನದ ಮಾತು ಯಾರು ತಂದ್ರೂ ಒಲ್ಲೆ ಅಂತೇನಿ. ನೀವು ತಂದ್ರೂ."

"ಮುಗದ ಮ್ಯಾಲೆ?"

"ಮುಗದ ಮ್ಯಾಲೂ ಕೆಲಸ ಬಿಡಾಕಿ ಅಲ್ಲ."

"ಬಿಡು ಅಂತ ಯಾರು ಅಂದ್ರು? ನೀವು ಈ ಕೆಲಸ ಹಿಂಗ ಮಾಡ್ಲಿಲ್ಲಾಂದ್ರ ನಾ ಇನ್ನೂ ತಲಿ ಕೆಳಗ ಹಾಕಿ ನಿಂತಿರ್ತಿದ್ದೆ." ಅವನ ದನಿ ಇಳಿಯಿತು. "ಕಾಯತೇನಿ, ಸುರೇಖಾ."

ಮೇಡಮ್ ಇಲ್ಲದ ಅವಳ ಹೆಸರು... ಅವಳು ಅದನ್ನು ಒಂದು ಕ್ಷಣ ಒಳಗೇ ಇಟ್ಟುಕೊಂಡಳು.

"ಖರೇ ಹೇಳಾಕತ್ತೀರೇನು?"

"ಖರೇ."

"ಹಂಗಾರ ಐತವಾರ ಮೇಡ್ಲೇರಿಗೆ ಬರ್ರಿ. ಇದನ್ನs ನಮ್ಮ ಅವ್ವನ ಮುಂದ ಹೇಳ್ರಿ, ನಾಲ್ಕು ವರ್ಷದ್ದೂ ಸೇರಿಸಿ."

"ಬೈದ್ರ?"

"ಬೈತಾಳ. ಕುಂತು ಕೇಳ್ರಿ," ಎಂದಳು ಸುರೇಖಾ. "ನಾ ಬಾಜೂಕ ಕುಂತಿರತೇನಿ."