ರೇಖಾಗಣಿತದ ಬಾಲದಲ್ಲೊಂದು ಹಾಡು

"ತಿನ್ನೋಕೆ ಬಿಸಿಯಾಗಿ ಏನಾದ್ರೂ ಇದೆಯಾ?"

ಟಿವಿ ಕೇಂದ್ರದ ನೆಲಮಾಳಿಗೆಯ ಬಾಗಿಲಲ್ಲಿ ನಿಂತು ಅವಳು ಆಡಿದ ಮೊದಲ ಮಾತು ಇದು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಳಗಿದ್ದವನು ಏಪ್ರನ್ ಕಟ್ಟಿದ್ದ, ಕೈಗೆ ದಪ್ಪ ಗವಸು ಹಾಕಿದ್ದ, ಗಾಜಿನ ಬಾಗಿಲಿನ ಪೆಟ್ಟಿಗೆಯಿಂದ ದುಂಡಗಿನದೇನನ್ನೋ ಹುಷಾರಾಗಿ ಹೊರಗೆ ತೆಗೆಯುತ್ತಿದ್ದ. ಬೆಳಿಗ್ಗೆಯಿಂದ ಆಫೀಸಿನಿಂದ ಆಫೀಸಿಗೆ ಅಲೆದು, ಹೊಟ್ಟೆ ತಾಳ ಹಾಕುತ್ತಿದ್ದವಳಿಗೆ ಅದು ಕ್ಯಾಂಟೀನ್ ಅಲ್ಲದೆ ಇನ್ನೇನಾಗಿ ಕಂಡೀತು?

ಅವನು ತಿರುಗಿದ. ಮೂಗಿನ ಮೇಲೆ ಒಂದು ಪಕ್ಕಕ್ಕೆ ವಾಲಿದ ಕನ್ನಡಕ. ಅದರ ಹಿಂದೆ, ನಗುವನ್ನು ಅದುಮಿಟ್ಟುಕೊಂಡ ಎರಡು ಕಣ್ಣು.

"ಬಿಸಿಯಾಗೇನೋ ಇದೆ. ಆದ್ರೆ ಹಲ್ಲಿನ ಜವಾಬ್ದಾರಿ ನಿಮ್ಮದು."

ಅವನ ಕೈಯಲ್ಲಿದ್ದದ್ದು ಊಟದ ತಟ್ಟೆಯಷ್ಟು ಅಗಲದ ಟೇಪಿನ ಸುರುಳಿ. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡಳು. ನೆಲಮಾಳಿಗೆಯಲ್ಲೇ ಇದ್ದುದರಿಂದ ಇನ್ನೂ ಕೆಳಗೆ ಹೋಗಲು ಜಾಗವಿರಲಿಲ್ಲ.

"ಕ್ಯಾಂಟೀನ್ ಮೇಲಿದೆ," ಎಂದ ಅವನು. "ನಾಚ್ಕೋಬೇಡಿ. ಈ ಬಿಲ್ಡಿಂಗಲ್ಲಿ ಎಲ್ಲರೂ ನನ್ನನ್ನ ಬೇಕರಿ ಅಂತಾನೇ ಕರೆಯೋದು."

ಹಳೆಯ ಟೇಪುಗಳಿಗೆ ವಯಸ್ಸಾದಂತೆ ಅಂಟು ಬಿಡುತ್ತದಂತೆ. ಹಾಗೇ ಓಡಿಸಿದರೆ ಮಷೀನಿಗೆ ಅಂಟಿಕೊಂಡು, ಚಿತ್ರವೆಲ್ಲ ಸಿಪ್ಪೆಯ ಹಾಗೆ ಸುಲಿದು ಬರುತ್ತದೆ. ಅದಕ್ಕೇ ಹಣ್ಣು ಒಣಗಿಸುವ ಈ ಪೆಟ್ಟಿಗೆಯಲ್ಲಿ ಒಂದು ದಿನ ಸಣ್ಣ ಕಾವಿನಲ್ಲಿ ಬೇಯಿಸಬೇಕು, ಇನ್ನೊಂದು ದಿನ ಆರಲು ಬಿಡಬೇಕು. ಆಮೇಲೆ ಕೆಲವು ವಾರ ಟೇಪು ತೊಂದರೆಯಿಲ್ಲದೆ ಓಡುತ್ತದೆ, ಅಷ್ಟರೊಳಗೆ ಕಾಪಿ ಮಾಡಿಕೊಳ್ಳಬೇಕು. ಇದೇ ಅವನ ಕೆಲಸ. ಹೇಳುವಾಗ ಅವನ ಕೈಗಳು ಆ ಸುರುಳಿಯನ್ನು ಎಳೆಮಗುವಿನ ತಲೆ ಹಿಡಿದ ಹಾಗೆ ಹಿಡಿದಿದ್ದವು. ಅವಳು ಅದನ್ನು ಗಮನಿಸಿದಳು, ಗಮನಿಸಿದ್ದನ್ನು ಮುಚ್ಚಿಟ್ಟುಕೊಂಡಳು.

"ನನಗೆ ಒಂದು ಹಾಡು ಬೇಕು," ಎಂದಳು. "ನಮ್ಮಪ್ಪನ ಬ್ಯಾಂಡಿನದು."

ಬ್ಯಾಂಡಿನ ಹೆಸರು 'ಏಳನೇ ಮಹಡಿ'. ಲಿಫ್ಟ್ ಕೆಟ್ಟ ಕಟ್ಟಡದ ಏಳನೇ ಮಹಡಿಯಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದರು, ಹಾಗಾಗಿ ಆ ಹೆಸರು. ಅವಳಪ್ಪ ಡ್ರಮ್ಸ್, ಚಿಕ್ಕಪ್ಪ ಹಾಡುಗಾರ, ಗಿಟಾರ್ ಹಿಡಿದ ಇಬ್ಬರು ಗೆಳೆಯರು. ಆ ಕಾಲಕ್ಕೆ ಊರಿನ ಅರ್ಧದಷ್ಟು ಹುಡುಗಿಯರ ನಿದ್ದೆ ಕೆಡಿಸಿದ ರಾಕ್ ಬ್ಯಾಂಡು. ಉಳಿದರ್ಧದ ನಿದ್ದೆಯನ್ನು ಅವರ ಪ್ರಾಕ್ಟೀಸ್ ಕೆಡಿಸುತ್ತಿತ್ತು. ಟಿವಿಯಲ್ಲಿ ಹಾಡಿದ್ದು ಒಂದೇ ಸಲ. ಅವತ್ತು ಕೊನೆಯ ಹಾಡು ಕೆಟ್ಟಿತು, ಅದರೊಂದಿಗೆ ಬ್ಯಾಂಡೂ ಮುರಿಯಿತು.

ಅಪ್ಪ ಹೇಳುವುದು: ತಮ್ಮನೇ ಹಾಡಿನ ನಡುವೆ ಸಾಲು ಮರೆತು ಬಾಯಿ ಮುಚ್ಚಿದ. ಚಿಕ್ಕಪ್ಪ ಹೇಳುವುದು: ಅಣ್ಣ ಕೋಲು ಬೀಳಿಸಿ ತಾಳ ಕೆಡಿಸಿದ. ನಲವತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ವಾಸ ಮಾತ್ರ ಎದುರುಬದುರು ಮನೆಗಳಲ್ಲಿ.

"ಅಷ್ಟು ವರ್ಷ ಒಂದು ಮಾತೂ ಇಲ್ವಾ?"

"ಇದೆ. ನನ್ನ ಮೂಲಕ. 'ನಿಮ್ಮ ಚಿಕ್ಕಪ್ಪನಿಗೆ ಹೇಳು, ಗೇಟಿಗೆ ಎಣ್ಣೆ ಹಾಕಲಿ, ಕಿರ್ ಅನ್ನುತ್ತೆ' ಅಂತ ಅಪ್ಪ. 'ನಿಮ್ಮಪ್ಪನಿಗೆ ಹೇಳು, ನನ್ನ ಗೇಟಿನ ತಾಳ ಅವನ ತಾಳಕ್ಕಿಂತ ಚೆನ್ನಾಗಿದೆ' ಅಂತ ಚಿಕ್ಕಪ್ಪ. ಹುಟ್ಟಿದಾಗಿನಿಂದ ನಾನು ಪೋಸ್ಟ್‌ಮನ್."

ಈಗ ಚಿಕ್ಕಪ್ಪ ತಿಂಗಳ ಕೊನೆಗೆ ಮನೆ ಖಾಲಿ ಮಾಡಿ, ದೂರದ ಊರಿನ ಮಗಳ ಮನೆಗೆ ಹೊರಟಿದ್ದರು. ಅಷ್ಟರೊಳಗೆ ಆ ಹಾಡು ಸಿಗಬೇಕು. ತಪ್ಪು ಯಾರದೆಂದು ಕಣ್ಣಾರೆ ಕಂಡರೆ ಒಬ್ಬರಾದರೂ ಸೋತು ಮಾತಾಡಿಯಾರು, ಇಲ್ಲದಿದ್ದರೆ ಆ ಬೀದಿಯ ಎರಡು ಗೇಟುಗಳ ನಡುವೆ ಇನ್ನು ಮಾತು ಹುಟ್ಟುವುದಿಲ್ಲ. ಇದೇ ಅವಳ ಆಸೆ, ಇದೇ ಅವಳ ಭಯ.

ಬೇಕರಿ ತಲೆ ಕೆರೆದುಕೊಂಡ. "ಅಳಿಸಿಬಿಟ್ಟಿರ್ತಾರೆ. ಆಗ ಟೇಪು ಬಲು ದುಬಾರಿ. ಒಂದರ ಮೇಲೆ ಇನ್ನೊಂದು ರೆಕಾರ್ಡ್ ಮಾಡ್ತಿದ್ರು. ನಿಮ್ಮಪ್ಪನ ಹಾಡಿನ ಮೇಲೆ ಹೊಲಿಗೆ ತರಗತಿಯೋ ಗಣಿತದ ಪಾಠವೋ ಕೂತಿರುತ್ತೆ."

ಅವಳ ಮುಖ ಬಾಡಿತು. ಅದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

"ಆದ್ರೆ ಒಂದು ವಿಷಯ ಇದೆ. ಹೊಸದು ಗಿಡ್ಡವಾಗಿದ್ರೆ ಹಳೆಯದರ ಬಾಲ ಉಳಿದಿರುತ್ತೆ. ಪಾಠ ಮುಗೀತು ಅಂತ ಎಲ್ಲರೂ ಮಷೀನ್ ನಿಲ್ಲಿಸ್ತಾರೆ. ನಾನು ಮಾತ್ರ ಟೇಪು ತುದಿ ಮುಟ್ಟೋವರೆಗೂ ಓಡಿಸ್ತೀನಿ." ಕನ್ನಡಕ ಮೇಲೇರಿಸಿ, "ಕೊನೆಯ ಹಾಡಾದ್ರೆ ಬಾಲದಲ್ಲೇ ಇರಬೇಕಲ್ವಾ?" ಎಂದ.

ಅವಳು ನಕ್ಕಳು. ನೆಲಮಾಳಿಗೆಗೆ ಕಿಟಕಿಯಿಲ್ಲ ಎಂಬುದನ್ನು ಬೇಕರಿ ಆ ಗಳಿಗೆಯಲ್ಲಿ ಮರೆತೇಬಿಟ್ಟ.

ಹೀಗೆ ಶುರುವಾಯಿತು. ಮಧ್ಯಾಹ್ನ ತನ್ನ ಕನ್ನಡಕದ ಅಂಗಡಿಯ ಬಾಗಿಲು ಎಳೆದು ಅವಳು ಬರುವಳು. ಅವನು ಆರಿದ ಟೇಪನ್ನು ಮಷೀನಿಗೆ ಏರಿಸುವನು. ಇಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು, ಕಪ್ಪುಬಿಳುಪಿನ ಗಣಿತದ ಮೇಷ್ಟ್ರನ್ನು ಭಯಭಕ್ತಿಯಿಂದ ನೋಡುವರು. ಮೇಷ್ಟ್ರು ಮಹಾ ಗಂಭೀರ. ಪ್ರತಿ ಪಾಠದ ಕೊನೆಗೂ ಸೀಮೆಸುಣ್ಣ ಕೆಳಗಿಟ್ಟು, ಕ್ಯಾಮೆರಾವನ್ನೇ ದುರುಗುಟ್ಟಿ ನೋಡಿ ಒಂದೇ ಮಾತು ಹೇಳುತ್ತಿದ್ದರು: "ಉಳಿದದ್ದನ್ನು ನೀವೇ ಸಾಧಿಸಿ."

ಆಮೇಲೆ ಪರದೆಯ ತುಂಬ ಬಿಳಿ ಚುಕ್ಕಿಗಳು. ಆ ಚುಕ್ಕಿಗಳಲ್ಲಿ ಬ್ಯಾಂಡು ಇರಲಿಲ್ಲ. ಆದರೂ ಇಬ್ಬರೂ ಟೇಪು ತುದಿ ಮುಟ್ಟುವವರೆಗೆ ಕೂತಿರುತ್ತಿದ್ದರು. ಅವಳ ಬಳೆಯ ಸದ್ದು ಅವನಿಗೆ ಕೇಳುತ್ತಿತ್ತು, ಅವನ ಉಸಿರು ಅವಳಿಗೆ.

"ನಾಳೆ ಬರಲಾ?" ಎಂದು ಅವಳು ಒಂದು ದಿನ ಕೇಳಿದಳು.

"ನಾಳೆ ಟೇಪು ಆರ್ತಾ ಇರುತ್ತೆ. ನೋಡೋಕೆ ಏನೂ ಇರಲ್ಲ."

"ಆರೋದನ್ನೇ ನೋಡ್ತೀನಿ."

"ಬೇಯೋ ತನಕ ಕಾದವರಿಗೆ ಆರೋ ತನಕ ಕಾಯೋಕಾಗಲ್ವೇ?" ಎಂದು ಗಾದೆ ಹೇಳಿ ರೇಗಿಸಿದ. ಹಾಗೆ ರೇಗಿಸಿದವನೇ ಮರುದಿನ ಅವಳ ಕುರ್ಚಿಗೊಂದು ದಿಂಬು ತಂದು ಹಾಕಿದ್ದ.

ಅವನ ವಾಲಿದ ಕನ್ನಡಕ ಅವಳ ಕಣ್ಣಿಗೆ ಚುಚ್ಚುತ್ತಲೇ ಇತ್ತು. ಕಡೆಗೊಂದು ದಿನ ಬ್ಯಾಗಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು, "ಅಲ್ಲಾಡಬೇಡಿ" ಎಂದಳು. ಕನ್ನಡಕ ತೆಗೆದಾಗ ಅವನ ಮುಖ ಸ್ನಾನ ಮಾಡಿಸಿದ ಹುಡುಗನ ಮುಖದಂತಿತ್ತು. ತಿರುಪು ಬಿಗಿ ಮಾಡಿ, ಕಡ್ಡಿ ಬಗ್ಗಿಸಿ, ತಾನೇ ಮತ್ತೆ ತೊಡಿಸಿದಳು. ಅವಳ ಬೆರಳು ಅವನ ಕಿವಿಯ ಹಿಂದೆ ಬೇಕಾದದ್ದಕ್ಕಿಂತ ಒಂದು ಚೂರು ಹೆಚ್ಚೇ ಹೊತ್ತು ನಿಂತಿತು.

"ಈಗ ಹೇಗೆ ಕಾಣ್ತಿದೆ?"

"ಹತ್ತಿರದ್ದು ಚೆನ್ನಾಗಿ ಕಾಣ್ತಿದೆ," ಎಂದ ಅವನು, ಅವಳನ್ನೇ ನೋಡುತ್ತಾ.

ದಿನಕ್ಕೆ ಹತ್ತಾರು ಜನರ ಕಣ್ಣು ನೋಡುವವಳು ಅವಳು. ಅವತ್ತು ಮಾತ್ರ ತನ್ನ ಕಣ್ಣನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಅದೇ ಸಂಜೆ ಚಿಕ್ಕಪ್ಪ ಗೇಟಿನಲ್ಲಿ ಅವಳನ್ನು ತಡೆದರು. "ಇನ್ನೂ ಹುಡುಕ್ತಾ ಇದ್ದೀಯೇನಮ್ಮ? ಆಗ ನಾನೇ ಹೋಗಿ ಕೇಳಿದ್ದೆ. 'ನಿಮ್ಮ ಹಾಡಿನ ಮೇಲೆ ರೇಖಾಗಣಿತದ ನಾಲ್ಕನೇ ಪಾಠ ಹತ್ತಿಸಿದ್ದೀವಿ' ಅಂದ್ರು. ನನ್ನ ಹಾಡು ತ್ರಿಕೋನ ಆಗಿಹೋಯ್ತು."

ಎಂಥ ಸುದ್ದಿ! ಓಡಿಹೋಗಿ ಹೇಳಬೇಕಿತ್ತು. ಆದರೆ ಮರುದಿನ ಬೇಕರಿ, "ಮುಂದೆ ಯಾವುದು ಬೇಯಿಸೋಣ? ರೇಖಾಗಣಿತ ಶುರುಮಾಡೋಣ್ವಾ?" ಎಂದಾಗ ಅವಳ ಬಾಯಿಂದ ಬಂದದ್ದು, "ಮೊದಲು ಅಂಕಗಣಿತ ಮುಗಿಸೋಣ. ಎಲ್ಲಾ ಕ್ರಮವಾಗಿ ಆಗಬೇಕು." ಕಳ್ಳನಿಗೊಂದು ಪಿಳ್ಳೆ ನೆವ! ಹಾಡು ಸಿಕ್ಕರೆ ಈ ಕುರ್ಚಿ, ಈ ದಿಂಬು, ಈ ಮಧ್ಯಾಹ್ನ ಎಲ್ಲ ಮುಗಿಯುತ್ತದಲ್ಲ. ತಿಂಗಳ ಕೊನೆಗೆ ಇನ್ನೂ ದಿನಗಳಿವೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ದಿನಗಳು ಕರಗಿದವು. ಚಿಕ್ಕಪ್ಪನ ಮನೆಯ ಸಾಮಾನು ಪೆಟ್ಟಿಗೆ ಸೇರತೊಡಗಿತು. ಹೆದರಿ ಅವಳೇ ರೇಖಾಗಣಿತಕ್ಕೆ ಒಪ್ಪಿದಳು. ಮೂರು ಪಾಠ ಮುಗಿದವು. "ನಾಲ್ಕನೆಯದು?" ಎಂದರೆ ಬೇಕರಿ, "ಅದು ಇನ್ನೂ ಹಸಿ ಹಸಿ ಇದೆ. ಮತ್ತೆ ಬೇಯಿಸ್ಬೇಕು" ಎನ್ನುತ್ತಿದ್ದ. ಎರಡು ಸಲ ಹಾಗೆಂದ.

ಮೂರನೆಯ ಸಲ ಅವಳು ಹೇಳದೆ ಕೇಳದೆ ಬೇಗ ಬಂದಳು. ಬಾಗಿಲ ಆಚೆಯಿಂದ ಡ್ರಮ್ಸ್ ಕೇಳುತ್ತಿತ್ತು.

ಒಳಗೆ ಹೋಗುವಷ್ಟರಲ್ಲಿ ಪರದೆ ಕಪ್ಪಾಗಿತ್ತು. ಅವನ ಮುಖ ಅದಕ್ಕಿಂತ ಕಪ್ಪಾಗಿತ್ತು.

"ಯಾವಾಗ ಸಿಕ್ಕಿದ್ದು?"

"ಈ ವಾರ ಶುರುವಾದಾಗಲೇ." ಅವನು ಸುಳ್ಳು ಹೇಳಲಿಲ್ಲ. "ಇವತ್ತು ಹೇಳೋಣ, ನಾಳೆ ಹೇಳೋಣ ಅಂತ... ಹೇಳಿದ ಮರುದಿನ ನೀವು ಬರಲ್ವಲ್ಲ. ಆ ಕುರ್ಚಿ ಖಾಲಿ ನೋಡೋಕೆ ಧೈರ್ಯ ಬರಲಿಲ್ಲ."

ಪ್ರೀತಿಯನ್ನು ಇದಕ್ಕಿಂತ ನೇರವಾಗಿ ಯಾರು ಹೇಳಿಯಾರು! ಆದರೆ ತನ್ನದೇ ತಪ್ಪು ಇನ್ನೊಬ್ಬರ ಮುಖದಲ್ಲಿ ಕಂಡಾಗ ಬರುವ ಸಿಟ್ಟಿದೆಯಲ್ಲ, ಅದಕ್ಕೆ ಮದ್ದಿಲ್ಲ.

"ಚಿಕ್ಕಪ್ಪ ಭಾನುವಾರ ಹೊರಡ್ತಾರೆ. ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ತಪ್ಪಾಯ್ತು."

"ನಾಳೆ ಇಬ್ಬರನ್ನೂ ಕರ್ಕೊಂಡು ಬರ್ತೀನಿ. ತೋರಿಸಿ. ಅಷ್ಟು ಸಾಕು."

ದಾರಿಯುದ್ದಕ್ಕೂ ಅವಳಿಗೆ ಅಳು. ಅವನ ಮೇಲೆ ಕೂಗಾಡಿ ಬಂದವಳು ತನ್ನ ನಾಲ್ಕನೇ ಪಾಠದ ಗುಟ್ಟನ್ನು ಮಾತ್ರ ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದಳು.

ಮರುದಿನ ಅಣ್ಣತಮ್ಮಂದಿರು ನೆಲಮಾಳಿಗೆಯಲ್ಲಿ ಎರಡು ಮೂಲೆ ಹಿಡಿದು ಕೂತರು. ನಡುವೆ ಪೋಸ್ಟ್‌ಮನ್.

"ನಿಮ್ಮ ಚಿಕ್ಕಪ್ಪನಿಗೆ ಹೇಳು, ಕರ್ಚೀಫು ರೆಡಿ ಇಟ್ಕೊಳ್ಳಲಿ, ಮುಖ ಮುಚ್ಚಿಕೊಳ್ಳೋಕೆ."

"ನಿಮ್ಮಪ್ಪನಿಗೆ ಹೇಳು, ದೊಡ್ಡದು ತಂದಿದ್ದೀನಿ, ಇಬ್ಬರಿಗೂ ಆಗುತ್ತೆ."

ಬೇಕರಿ ಯಾರ ಮುಖವನ್ನೂ ನೋಡದೆ ಗುಂಡಿ ಒತ್ತಿದ. ಮೇಷ್ಟ್ರು ತ್ರಿಕೋನ ಮುಗಿಸಿ, ಸೀಮೆಸುಣ್ಣ ಕೆಳಗಿಟ್ಟು, "ಉಳಿದದ್ದನ್ನು ನೀವೇ ಸಾಧಿಸಿ" ಎಂದರು. ಚಿತ್ರ ಒಮ್ಮೆ ಹರಿದು, ನಡುಗಿ, ಸ್ಥಿರವಾಯಿತು.

ನಾಲ್ಕು ಹುಡುಗರು. ಅಗಲ ಪ್ಯಾಂಟು, ಕಿವಿ ಮುಚ್ಚಿದ ಕೂದಲು. ಈಗಿನ ಬೋಳುತಲೆಯ ಅಪ್ಪ ಅಲ್ಲಿ ಬಿರುಗಾಳಿಯ ಹಾಗೆ ಡ್ರಮ್ಸ್ ಬಾರಿಸುತ್ತಿದ್ದರು. ಚಿಕ್ಕಪ್ಪನ ಕಂಠ ಹಳೆಯ ಟೇಪಿನಿಂದಲೂ ಎದೆಗೆ ನೇರ ಬಂದು ತಾಗಿತು. ಅಷ್ಟರಲ್ಲಿ ಅಪ್ಪನ ಕೈಯಿಂದ ಕೋಲು ಹಾರಿತು.

"ನೋಡಿದ್ಯಾ!" ಎಂದರು ಚಿಕ್ಕಪ್ಪ.

ಪರದೆಯ ಮೇಲಿನ ಅಪ್ಪ ಕೆಳಗೆ ಬಗ್ಗಿ ಕೋಲು ತಡಕಾಡುತ್ತಿದ್ದರು. ಅದೇ ಕ್ಷಣ ಹಾಡು ನಿಂತಿತು.

"ನೋಡಿದ್ಯಾ!" ಎಂದರು ಅಪ್ಪ. ಆಮೇಲೆ ಅವರು ಪರದೆಯ ಕಡೆ ಬಾಗಿದರು.

ಏಕೆಂದರೆ ಪರದೆಯ ಮೇಲಿನ ಹಾಡುಗಾರ ಕ್ಯಾಮೆರಾಕ್ಕೆ ಬೆನ್ನು ಹಾಕಿ ಅಣ್ಣನ ಕಡೆ ತಿರುಗಿದ್ದ. ಎರಡೂ ಕೈ ತಲೆಯ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿದ್ದ, ಸರಿಯಾಗಿ ತಾಳಕ್ಕೆ. ಮುಂದೆ ಕೂತ ಜನರೂ ತಟ್ಟಿದರು. ಅಣ್ಣನ ಕೈಗೆ ಬೇರೆ ಕೋಲು ಸಿಕ್ಕಿದ್ದು ಕಂಡ ಮೇಲೆಯೇ ಅವನು ಮೈಕಿನ ಕಡೆ ತಿರುಗಿ, ಬಿಟ್ಟ ಪದದಿಂದಲೇ ಹಾಡು ಎತ್ತಿಕೊಂಡ. ಬಗ್ಗಿದ್ದ ಅಣ್ಣ ಅದೊಂದನ್ನೂ ನೋಡಿರಲಿಲ್ಲ, ಕೇಳಿದ ಚಪ್ಪಾಳೆ ಜನರದೆಂದುಕೊಂಡಿದ್ದ. ಟೇಪು ಅಲ್ಲಿಗೆ ಮುಗಿಯಿತು.

ಅಪ್ಪ ಕುರ್ಚಿಯಲ್ಲೇ ತಿರುಗಿ ಕೂತರು. ಆಮೇಲೆ ಅವಳನ್ನು ದಾಟಿ, ನೇರವಾಗಿ ಆ ಮೂಲೆಗೆ ಹೇಳಿದರು:

"ನೀನು ಸಾಲು ಮರೆತಿರಲಿಲ್ವೇನೋ?"

"ಆ ಸಾಲು ಬರೆದವನೇ ನಾನು. ಮರೀತೀನಾ?"

"ಮತ್ತೆ ನಿಲ್ಲಿಸಿದ್ದು ಯಾಕೆ?"

"ನಿನ್ನ ಕೈ ಖಾಲಿ ಇತ್ತಲ್ಲಣ್ಣ."

ಅಪ್ಪ ಎದ್ದು ಆ ಮೂಲೆಗೆ ನಡೆದರು. "ಇಷ್ಟು ವರ್ಷ ಯಾಕೋ ಹೇಳಲಿಲ್ಲ?"

"ನೀನು ಹೊರಗೆ ಬಂದವನೇ 'ಸಾಲು ಮರೆತ' ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ. ನನಗೂ ರೋಷ ಬಂತು. ಒಂದು ದಿನ ನೀನಾಗಿ ಕೇಳ್ತೀಯ ಅಂತ ಕಾದೆ," ಎಂದರು ಚಿಕ್ಕಪ್ಪ. "ಕಾಯ್ತಾ ಕಾಯ್ತಾ ಕೂದಲು ಹೋಯ್ತು."

ದೊಡ್ಡ ಕರ್ಚೀಫು ನಿಜವಾಗಿಯೂ ಇಬ್ಬರಿಗೂ ಬೇಕಾಯಿತು.

ಅವಳು ಬೇಕರಿಯ ಕಡೆ ನೋಡಿದಳು. ಅವನು ಬೆನ್ನು ತಿರುಗಿಸಿ, ಇಲ್ಲದ ಧೂಳನ್ನು ಮಷೀನಿನಿಂದ ಒರೆಸುತ್ತಿದ್ದ. ಇನ್ನೊಬ್ಬರು ಕೇಳಲಿ ಎಂದು ಕಾದು ಕೂತರೆ ಏನಾಗುತ್ತದೆ ಎನ್ನುವುದಕ್ಕೆ ಎರಡು ಬೋಳುತಲೆಗಳು ಎದುರಿಗೇ ಸಾಕ್ಷಿ ಹೇಳುತ್ತಿದ್ದವು.

"ನಾಲ್ಕನೇ ಪಾಠ ಅಂತ ನನಗೆ ಮೊದಲೇ ಗೊತ್ತಿತ್ತು," ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಅವನ ಕೈ ನಿಂತಿತು.

"ಚಿಕ್ಕಪ್ಪ ಹೇಳಿದ್ರು. ನಿಮ್ಮ ಕನ್ನಡಕ ಸರಿಮಾಡಿದ ದಿನವೇ. ಅದಕ್ಕೇ ಅಂಕಗಣಿತ ಮೊದಲು ಅಂದೆ. ನಿನ್ನೆ ನಿಮ್ಮ ಮೇಲೆ ಕೂಗಾಡಿದ್ದು ಶುದ್ಧ ಕಳ್ಳತನ. ನೀವು ಒಂದು ವಾರ ಕದ್ದಿದ್ದೀರಿ. ನಾನು ನಿಮಗಿಂತ ದೊಡ್ಡ ಕಳ್ಳಿ."

ಅವನು ನಿಧಾನವಾಗಿ ತಿರುಗಿದ. ಕನ್ನಡಕ ಈಗ ನೆಟ್ಟಗಿತ್ತು. ಅದರ ಹಿಂದಿನ ಕಣ್ಣು ಮಾತ್ರ ಒದ್ದೆ.

"ಅಂದ್ರೆ ಆ ಭಾಗಾಕಾರದ ಪಾಠವನ್ನ ನಾನು ಸುಮ್ಮನೆ ನೋಡಿದ್ನಾ?"

"ನಾನೂ ನೋಡಿದೆ. ಕಷ್ಟಪಟ್ಟು. ನಿಮ್ಮ ಪಕ್ಕ ಕೂರೋಕೆ." ಒಂದು ಉಸಿರು ಎಳೆದುಕೊಂಡಳು. "ನೀವಂದ್ರೆ ನನಗೆ ಇಷ್ಟ. ಹಾಡು ಸಿಕ್ಕಿದ್ರೂ ನಾಳೆ ಬರ್ತೀನಿ. ಬರಬಹುದಾ?"

"ನಾಳೆ ಅಂತ ಯಾಕೆ? ದಿಂಬು ಅಲ್ಲೇ ಇದೆ," ಎಂದ ಬೇಕರಿ. ಆಮೇಲೆ, ಎಷ್ಟೋ ದಿನದಿಂದ ಬೆಂದು ಆರಿದ ಮಾತನ್ನು ಮೆಲ್ಲಗೆ ಹೊರಗೆ ತೆಗೆದ. "ನನಗೂ ಇಷ್ಟ. ಮೊದಲ ದಿನದಿಂದ. 'ಬಿಸಿಯಾಗಿ ಏನಾದ್ರೂ ಇದೆಯಾ' ಅಂದಾಗಿನಿಂದ."

ಮೂಲೆಯಲ್ಲಿ ಕೆಮ್ಮು ಕೇಳಿಸಿತು. ಅಣ್ಣತಮ್ಮಂದಿರು ಈಗ ಪಕ್ಕಪಕ್ಕದ ಕುರ್ಚಿಯಲ್ಲಿದ್ದರು.

"ಅಣ್ಣ, ನಿನ್ನ ಮಗಳಿಗೆ ಹೇಳು," ಎಂದರು ಚಿಕ್ಕಪ್ಪ, "ಹುಡುಗ ಪರವಾಗಿಲ್ಲ. ಭಾನುವಾರದ ಟಿಕೆಟ್ಟು ಕ್ಯಾನ್ಸಲ್ ಮಾಡಿಸಿ ಸರಿಯಾಗಿ ವಿಚಾರಿಸಿಕೊಂಡೇ ಹೋಗ್ತೀನಿ."

"ನೀನೇ ಹೇಳೋ," ಎಂದರು ಅಪ್ಪ. "ನಾನೇನು ಪೋಸ್ಟ್‌ಮನ್ನಾ?"

ಬೇಕರಿ ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಗುಂಡಿ ಒತ್ತಿ, ಅವಳ ಪಕ್ಕ ಬಂದು ಕೂತ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, ಉಳಿದದ್ದನ್ನು ನೀವೇ ಸಾಧಿಸಿ ಎಂದರು. ಕುರ್ಚಿಯ ಕೆಳಗೆ ಅವನ ಕೈ ಅವಳ ಕೈಯನ್ನು ಹುಡುಕಿ ಹಿಡಿಯಿತು.