ಎರಡನೇ ಗೇರಿನ ಇಳಿಜಾರು

೧೯೭೮ರ ನವೆಂಬರ್ ೧೨, ಭಾನುವಾರ. ಬೆಳಿಗ್ಗೆ ಒಂಬತ್ತೂವರೆಗೆ ಖೋಪೋಲಿ ಠಾಣೆಗೆ ಬಂದ ದೂರಿನಲ್ಲಿ ಆರೋಪಿಯ ಹೆಸರು ಪೆರಿನ್ ದುಬಾಷ್, ವಯಸ್ಸು ಇಪ್ಪತ್ತಮೂರು. ಘಾಟಿಯಲ್ಲಿ ಕಾರು ಗುದ್ದಿ ಆಕೆ ಸತ್ತು ಒಂದು ಗಂಟೆಯಾಗಿತ್ತು. ದೂರುದಾರ, ಪಕ್ಕದ ಸೀಟಿನಲ್ಲಿದ್ದ ಅವಳ ತಂದೆ ಸಾವಕ್.

"ಮಗಳಾದ್ರೇನು? ಬ್ರೇಕೇ ಒತ್ತಿಲ್ಲ ಅವಳು," ಎಂದ ಸಾವಕ್, ಮುರಿದ ಕೈಯನ್ನು ಎದೆಗೊತ್ತಿಕೊಂಡು. "ಮೂವತ್ತೆಂಟರ ವಿಲಾಯ್ತಿ ಗಾಡಿ, ಸಾಹೇಬ್ರೇ!"

ಇನ್ಸ್‌ಪೆಕ್ಟರ್ ಧುಮಾಳ್ FIR ದಾಖಲಿಸಿ, ಕಾನ್‌ಸ್ಟೆಬಲ್ ಜಗತಾಪನೊಂದಿಗೆ ಘಾಟಿಗೆ ಹೋದರು. ಕಾರು ಬಂಡೆಗೆ ಮೂತಿ ಗುದ್ದಿ ನಿಂತಿತ್ತು.

"ಟಾಪ್ ಗೇರಲ್ಲಿದೆ ಸಾರ್," ಎಂದ ಜಗತಾಪ.

ಹುಡುಗಿಯ ಷೂ ಅಟ್ಟೆಯ ಮೇಲೆ ಬ್ರೇಕ್ ಪೆಡಲಿನ ಗೆರೆಗಳು ಅಚ್ಚೊತ್ತಿದ್ದವು. ಧುಮಾಳ್ ಸಾಕ್ಷಿಗೆ ಕರೆಸಿದ ಪಂಚರೆದುರು ಒಂದಿಷ್ಟು ಬ್ರೇಕ್ ಆಯಿಲನ್ನು ಲೋಟದ ನೀರಿಗೆ ಬಿಟ್ಟರು. ಬೆರೆಯಬೇಕಿದ್ದದ್ದು ತೇಲಿತು. ಇಂಜಿನ್ ಆಯಿಲ್! ಅದನ್ನು ಕುಡಿದ ರಬ್ಬರ್ ವಾಷರುಗಳು ನೆನೆಸಿದ ಕಡಲೆಯಂತೆ ಉಬ್ಬಿ ಕೆಟ್ಟಿದ್ದವು. ಪಂಚನಾಮೆಗೆ ಸಹಿಗಳಾದವು.

ಘಾಟಿಯ ಮೇಲೆ, ಖಂಡಾಳದಲ್ಲಿದ್ದ ದುಬಾಷರ ಬಂಗಲೆಯ ಗ್ಯಾರೇಜಿನ ಕೀಲಿ ಇದ್ದದ್ದು ಸಾವಕ್‌ನ ತಮ್ಮ ನಾದಿರ್ ಬಳಿ ಮಾತ್ರ. ಮೂವತ್ತು ವರ್ಷ ಆ ಕಾರನ್ನು ತೊಳೆದು, ಬಿಚ್ಚಿ, ಜೋಡಿಸಿದವನು ಅವನು. ಅದರಲ್ಲಿ ಒಮ್ಮೆಯೂ ಕೂತವನಲ್ಲ.

"ಇಂಜಿನ್ ಆಯಿಲ್ ಹಾಕಿದ್ದು ನೀವಾ?" ಎಂದು ಧುಮಾಳ್ ಗ್ಯಾರೇಜಿನಲ್ಲೇ ಅವನನ್ನು ಕೇಳಿದರು.

"ಹೌದು. ಹೋದ ಭಾನುವಾರ."

"ಅಣ್ಣನ್ನ ಕೊಲ್ಲೋಕಾ?"

"ಛೆ! ಅವನು ಘಾಟಿ ಹತ್ತಿದ ಗೇರಲ್ಲೇ ಇಳೀತಾನೆ. ಎರಡನೇದು, ಇಂಜಿನ್ನೇ ಗಾಡೀನ ಹಿಡಿದಿರುತ್ತೆ. ಬ್ರೇಕು ಪುಕ್ಕಲರಿಗೆ ಅಂತಾನೆ. ಒತ್ತೋದು ಒಂದೇ ಸಲ, ಕೆಳಗೆ ಇರಾನಿ ಹೋಟೆಲ್ ಮುಂದೆ, ಭಾನುವಾರ ಅಲ್ಲಿ ಕೂರೋ ಕಾರ್ ಕ್ಲಬ್ಬಿನವರು ನೋಡ್ಲಿ ಅಂತ. ಇವತ್ತು ಅವರ ಬೆಂಚಿಗೇ ಹೋಗಿ ಗುದ್ಲಿ ಅಂತಿದ್ದೆ."

"ಯಾಕೆ?"

"ಅವರೆಲ್ಲರ ಮುಂದೆ ನನ್ನ 'ಕಾರಿನ ಆಯಾ' ಅಂದ. ಅಂಡು ತೊಳೆಯೋದು ನೀನು, ಮಗು ನಂದು ಅಂದ." ನಾದಿರ್ ತಲೆಯೆತ್ತಿದ. "ಇಳಿಜಾರಲ್ಲಿ ಎರಡನೇ ಗೇರು ಬಿಡಬೇಡ ಅಂತ ಪೆರಿನ್‌ಗೆ ಇಲ್ಲೇ ಹೇಳಿಕೊಟ್ಟಿದ್ದೆ. ಬಿಟ್ಟಳಾ?"

ಉತ್ತರ ಬಂದದ್ದು ಬಾಗಿಲಲ್ಲಿ ನಿಂತಿದ್ದ ಸಾವಕ್‌ನಿಂದ. "ಆಮೆ ಥರ ಇಳೀತಿದ್ಲು. ಎತ್ತಿನ ಗಾಡಿ ಹೊಡೀತಿದೀಯಾ ಅಂದೆ. ಟಾಪಿಗೆ ಹಾಕಿದ್ಲು."

"ಅವಳ ಕೈಗೆ ಯಾಕಪ್ಪಾ ಕೊಟ್ಟೆ?"

"ನಿನ್ನಿಂದ್ಲೇ! ಘಾಟಿ ತುದೀಲಿ ಹಟ ಹಿಡಿದ್ಲು. 'ನೀವಂತೂ ಕಾಕಾನ್ನ ಕೂರಿಸಲ್ಲ. ನಾನು ಘಾಟಿ ಇಳಿಸೋದು ಕಲಿತು, ಮುಂದಿನ ವಾರ ಕರ್ಕೊಂಡು ಹೋಗ್ತೀನಿ' ಅಂದ್ಲು."

ನಾದಿರ್ ಗ್ಯಾರೇಜಿನ ಕೀಲಿಯನ್ನು ಧುಮಾಳರ ಕೈಗಿಟ್ಟ. ಸಂಜೆ ನಾಲ್ಕಕ್ಕೆ ದಸ್ತಗಿರಿಯಾಯಿತು. ಜೀಪು ಹೊರಡುವಾಗ ಸಾವಕ್ ಹತ್ತಿರ ಬಂದ.

"ಸಾಹೇಬ್ರೇ, ಇವನು ಒಳಗೆ ಹೋದ್ರೆ ಗಾಡಿ ರಿಪೇರಿ ಯಾರು ಮಾಡ್ತಾರೆ?"

ಸಾವಕ್‌ನ ಹೀಯಾಳಿಕೆಗೆ ಹಾಕಲು ಕಾನೂನಿನಲ್ಲಿ ಕಲಮಿರಲಿಲ್ಲ. ಉದ್ದೇಶದ ಬಗ್ಗೆ ಧುಮಾಳ್ ಕೇಸ್ ಡೈರಿಯಲ್ಲಿ ಒಂದೇ ಸಾಲು ಬರೆದರು: ಆರೋಪಿಗೆ ಅಣ್ಣನನ್ನು ನೋಡಿ ಒಂದು ಸಲ ನಗಬೇಕಾಗಿತ್ತು.