ಗೊಂಬೆಯ ಮೈಮೇಲಿನ ಕುಪ್ಪಸ

ಸೋಮವಾರ ಬೆಳಿಗ್ಗೆ ಎಂಟಕ್ಕೆ ಪೊಯೆನಿತ್ಸಾ ಹಳ್ಳಿಯ ಪೊಲೀಸ್ ಠಾಣೆಯ ಬಾಗಿಲು ತೆರೆಯುವ ಮೊದಲೇ ದೊಮ್ನಿಕಾ ಟೀಚರ್ ಮೆಟ್ಟಿಲ ಮೇಲೆ ನಿಂತಿದ್ದರು. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಅವರು ಕೆಮ್ಮಿದರೆ ಊರಿನ ನಾಯಿಗಳು ಸಾಲಾಗಿ ಕೂರುತ್ತವೆ ಎಂದು ಜನ ಆಡಿಕೊಳ್ಳುತ್ತಿದ್ದರು. ಇನ್ಸ್‌ಪೆಕ್ಟರ್ ಗ್ರಿಗೋರೆ ಹೊತ್ಯಾ ಅಕ್ಷರ ಕಲಿತದ್ದು ಅವರ ಹತ್ತಿರವೇ. ಅವರು ಒಳಗೆ ಬಂದೊಡನೆ ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತ.

“ಕೂತ್ಕೋ ಗ್ರಿಗೋರೆ. ಕಳ್ಳತನ ಆಗಿದೆ, ಬರ್ಕೋ.”

ಊರಿನ ಹಳೇ ವಸ್ತುಗಳ ಮನೆಯನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಭಾನುವಾರ ಪ್ರಾರ್ಥನೆಗೆ ಹೋಗುವಾಗ ಬೀಗ ಹಾಕಿದ್ದರು. ಬಂದು ನೋಡಿದರೆ ಮರದ ಗೊಂಬೆಗೆ ತೊಡಿಸಿದ್ದ ಕಸೂತಿ ಕುಪ್ಪಸ ಇರಲಿಲ್ಲ. ಎಫ್‌ಐಆರ್ ದಾಖಲಾಯಿತು.

“ಬೀಗದ ಕೈ ಎಲ್ಲಿಡ್ತೀರಿ?”

“ಬಾಗಿಲ ಚೌಕಟ್ಟಿನ ಮೇಲೆ.”

“ಅದು ಯಾರಿಗೆಲ್ಲ ಗೊತ್ತು?”

“ನಿನಗೆ ಗೊತ್ತಿಲ್ವಾ?”

ಗ್ರಿಗೋರೆಗೂ ಗೊತ್ತಿತ್ತು. ಅದನ್ನು ಎಫ್‌ಐಆರ್‌ನಲ್ಲಿ ಬರೆಯಲಿಲ್ಲ.

ಒಂಬತ್ತೂವರೆಗೆ ಇಬ್ಬರು ಪಂಚರನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ತೊಟ್ಟಿಲು, ರಾಟೆ, ಜರಡಿ, ಕೆತ್ತನೆಯ ಚಮಚಗಳು, ಗಾಜಿನ ಮೇಲೆ ಬರೆದ ದೇವರ ಪಟ, ಬೆಳ್ಳಿ ನಾಣ್ಯದ ಸರ, ಎಲ್ಲ ಇದ್ದಲ್ಲೇ ಇದ್ದವು. ಗೊಂಬೆಗೆ ಪಟ್ಟೆಯ ಉಣ್ಣೆ ಲಂಗವೂ ತಲೆವಸ್ತ್ರವೂ ಇದ್ದವು. ಕುಪ್ಪಸವಿದ್ದ ಜಾಗಕ್ಕೆ ಯಾರೋ ಅಲ್ಲೇ ಇದ್ದ ಕುರಿತೊಗಲಿನ ಅಂಗಿ ಏರಿಸಿ, ಕೊರಳವರೆಗೆ ಗುಂಡಿ ಹಾಕಿದ್ದರು.

“ಕಳ್ಳನಿಗೆ ಮಾನ ಮರ್ಯಾದೆ ಇದೆ ಸಾಹೇಬ್ರೆ,” ಎಂದ ಕಾನ್‌ಸ್ಟೇಬಲ್ ನುತ್ಸು. “ಹೆಂಗಸಿನ ಗೊಂಬೇನ ಬರೀ ಮೈಲಿ ಬಿಟ್ಟಿಲ್ಲ.”

ಪಂಚನಾಮೆಗೆ ಒಂದೊಂದೇ ವಸ್ತುವಿನ ಹೆಸರು ಹೇಳುತ್ತ ಬಂದ ಗ್ರಿಗೋರೆ ಗೋಡೆಯ ಹತ್ತಿರ ನಿಂತುಬಿಟ್ಟ. ಹಳೇ ಕನ್ನಡಿಯ ಮೇಲೆ ಕೈಮಗ್ಗದ ಟವೆಲ್ ಇಳಿಬಿದ್ದಿತ್ತು.

“ಟೀಚರ್, ಕನ್ನಡಿಗೆ ಬಟ್ಟೆ ನೀವು ಹಾಕಿದ್ರಾ?”

“ನಾನ್ಯಾಕೆ ಹಾಕ್ಲಿ? ಇಲ್ಲಿ ಯಾರು ಸತ್ತಿದಾರೆ?”

ಹೇಳಿದ ಮೇಲೆ ಅವರೇ ಕನ್ನಡಿಯತ್ತ ತಿರುಗಿ ನೋಡಿದರು. ಹೆಣವಿರುವ ಮನೆಯಲ್ಲಿ ಕನ್ನಡಿ ತೆರೆದಿರಬಾರದು ಎಂಬುದು ಆ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಕಳ್ಳ ಬಂದದ್ದು ಸತ್ತವರ ಕೆಲಸಕ್ಕೆ; ಕನ್ನಡಿ ಕಂಡೊಡನೆ ಅವನ ಕೈ ತನ್ನಷ್ಟಕ್ಕೆ ತಾನೇ ಅದನ್ನು ಮುಚ್ಚಿತ್ತು. ಆದರೆ ಚರ್ಚಿನ ಸಾವಿನ ಗಂಟೆ ಮಾತ್ರ ಬಡಿದಿರಲಿಲ್ಲ.

ಎದುರು ಮನೆಯ ತೆಕ್ಲಾ ಅಜ್ಜಿ ಗೇಟಿನ ಬೆಂಚಿನ ಮೇಲೆ ಉಣ್ಣೆ ನೂಲುತ್ತಿದ್ದಳು.

“ಅಜ್ಜಿ, ಊರಲ್ಲಿ ಯಾರಾದ್ರೂ ಹೋದ್ರಾ?”

“ಯಾಕಪ್ಪ, ನನ್ನ ಲೆಕ್ಕ ಹಾಕ್ಕೊಂಡು ಬಂದ್ಯಾ? ಸಾವು ಮೂರು ಸಲ ನನ್ನ ಬಾಗಿಲಿಗೆ ಬಂತು. ಮೂರು ಸಲನೂ ನನ್ನ ಪ್ಲಮ್ ಸಾರಾಯಿ ಕುಡಿದು, ದಾರಿ ತಪ್ಪಿ ಪಕ್ಕದೂರಿಗೆ ಹೋಯ್ತು. ನನಗೆ ಗೊತ್ತಿಲ್ದೆ ಈ ಊರಲ್ಲಿ ಕೋಳಿನೂ ಸಾಯಲ್ಲ.”

“ನಿನ್ನೆ ಚರ್ಚಿಗೆ ಹೋಗ್ಲಿಲ್ವಾ?”

“ಮಂಡಿ ನೋವು. ದೇವರೇ ಇಲ್ಲಿಗೆ ಬರ್ಲಿ ಅಂತ ಕೂತಿದ್ದೆ. ಬಂದೋನು ಆ ಗವ್ರಿಲಾ ಒಬ್ನೇ. ‘ಹೆಂಡ್ತಿ ಹೇಗಿದಾಳೋ’ ಅಂದ್ರೆ ‘ಮಲಗಿದಾಳೆ’ ಅಂತ ಸರಸರ ನಡೆದ. ಮುದುಕನಿಗೆ ಅರಳು ಮರಳು. ಹುಟ್ಟಿದಾಗ್ಲೇ ಹುಲ್ಲಿನ ಟೋಪಿ ಹಾಕ್ಕೊಂಡು ಹುಟ್ಟಿದೋನು, ಅಂಥ ಬಿಸಿಲಲ್ಲಿ ಬರೀ ತಲೇಲಿ…”

ಅವಳ ಕೈಯ ಕದಿರು ನಿಂತಿತು. ಸೂತಕದ ಗಂಡಸು ಟೋಪಿ ತೊಡುವುದಿಲ್ಲ. ಅಜ್ಜಿ ಮೆಲ್ಲಗೆ ಶಿಲುಬೆಯ ಗುರುತು ಮಾಡಿಕೊಂಡಳು. “ಅಯ್ಯೋ ಪಲಾಗ್ಯಾ. ನನಗೂ ಹೇಳ್ದೆ ಹೊರಟ್ಯಾ.”

ಗವ್ರಿಲಾನ ಮನೆ ಮೇಲಿನ ಕೇರಿಯಲ್ಲಿತ್ತು. ನುತ್ಸು ಒಂದೇ ಸಲ ಕದ ತಟ್ಟಿದ.

“ಬನ್ನಿ. ಮೆಲ್ಲಗೆ ಮಾತಾಡಿ,” ಎಂದ ಮುದುಕ.

ಪಲಾಗ್ಯಾಳನ್ನು ಕಿಟಕಿಯ ಪಕ್ಕದ ಬೆಂಚಿನ ಮೇಲೆ ಮಲಗಿಸಿದ್ದ. ತಲೆಯ ಹತ್ತಿರ ಮೇಣದ ಬತ್ತಿ. ಮೈಮೇಲೆ ಬಿಳಿ ನಾರಿನ ಕುಪ್ಪಸ; ನೆರಿಗೆ ತೋಳು, ಹೆಗಲ ಮೇಲೆ ಇರುವೆ ಸಾಲಿನಂಥ ಸಣ್ಣ ಕಸೂತಿ. ಮೇಜಿನ ಮೇಲೆ ಕತ್ತರಿ, ದಪ್ಪ ಕನ್ನಡಕ, ‘೪೧’ ಎಂದು ಬರೆದ ಬಟ್ಟೆಯ ಪಟ್ಟಿ.

“ಯಾವಾಗ ತೀರ್ಕೊಂಡ್ರು, ಮಾವ?” ಎಂದ ಗ್ರಿಗೋರೆ.

“ನಿನ್ನೆ. ಪ್ರಾರ್ಥನೆ ಗಂಟೆ ಹೊಡೀತಿದ್ದಾಗ.”

“ಯಾಕೆ ಯಾರಿಗೂ ಹೇಳಿಲ್ಲ?”

“ಹೇಳಿದ್ರೆ ಹೆಂಗಸರು ಬಂದು ತೊಳೆದು, ಅಂಗಡಿ ಬಟ್ಟೆ ಹಾಕಿಬಿಡ್ತಿದ್ರು. ಇದನ್ನ ತಂದೆ. ಒಳಗಡೆ ನಂಬರ್ ಹೊಲ್ದಿದ್ರು. ಬಿಡ್ಸೋಕೆ ಇಷ್ಟು ಹೊತ್ತಾಯ್ತು, ಕಣ್ಣು ಕಾಣಲ್ಲ. ನಂಬರ್ ಹಚ್ಕೊಂಡು ಹೋದ್ರೆ ಅಲ್ಲಿ ಅವಳನ್ನ ಕುರಿ ಅನ್ಕೊಳ್ತಾರೆ.”

“ಕೇಳಿ ಪಡೀಬಹುದಿತ್ತಲ್ಲ?”

“ಕೇಳಿದ್ದೆ. ಟೀಚರಮ್ಮನ್ನೇ ಕೇಳು.”

ಗ್ರಿಗೋರೆ ನುತ್ಸುವನ್ನು ಚರ್ಚಿನಲ್ಲಿ ಸಾವಿನ ಗಂಟೆ ಹೊಡೆಸಲು ಕಳಿಸಿದ. ಆಮೇಲೆ ದೂರುದಾರರನ್ನು ಗುರುತು ಹಿಡಿಯಲು ಕರೆಸಿದ. ಗುರುತು ಸಿಕ್ಕರೆ ಕುಪ್ಪಸವನ್ನು ಹೆಣದ ಮೈಮೇಲಿಂದ ಬಿಚ್ಚಿ ಜಪ್ತಿ ಮಾಡಬೇಕು. ಕಾನೂನು ಅಷ್ಟೇ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನು ಹೆಣ ಎತ್ತಿಸಿದ್ದ, ಹೆಣ ಕೊಯ್ಯಿಸಿದ್ದ. ಹೆಣದ ಬಟ್ಟೆ ಕಸಿದಿರಲಿಲ್ಲ.

ದೊಮ್ನಿಕಾ ಬರುವಷ್ಟರಲ್ಲಿ ಅಂಗಳದ ತುಂಬ ಜನ. ಅವರು ನೇರ ಹೆಣದ ಮುಂದೆ ಬಂದು ನಿಂತರು.

“ನಿಮಗೆ ಈ ಕುಪ್ಪಸ ಹೇಗೆ ಬಂತು ಟೀಚರ್?”

“ಮೂರು ವರ್ಷದ ಹಿಂದೆ ಹಬ್ಬಕ್ಕೆ ಅಂತ ಇವಳ ಹತ್ರ ಇಸ್ಕೊಂಡೆ. ಆಮೇಲೆ… ಈ ಥರ ಕಸೂತಿ ಇನ್ನೆಲ್ಲೂ ಉಳಿದಿಲ್ಲ ಗ್ರಿಗೋರೆ. ನನ್ನ ಹತ್ರ ಇದ್ರೆ ನೂರು ವರ್ಷ ಬಾಳುತ್ತೆ. ಇವನು ಮಣ್ಣಿಗೆ ಹಾಕ್ತಾನೆ.”

“ಅವಳಮ್ಮ ಹೊಲಿದಿದ್ದು,” ಎಂದ ಗವ್ರಿಲಾ. ಯಾರನ್ನೂ ನೋಡಲಿಲ್ಲ. “ಮದುವೆ ಮುಗಿದ ತಿಂಗಳಿಗೇ ಆಯಮ್ಮ ತೀರ್ಕೊಂಡ್ಲು. ಬಿಟ್ಟು ಹೋಗಿದ್ದು ಇಪ್ಪತ್ತರ ಹುಡುಗೀನ. ಈಗ ಹಲ್ಲಿಲ್ಲದ ಮುದುಕಿ ಎದುರಿಗೆ ಬಂದು ನಿಂತ್ರೆ ಮಗಳು ಅಂತ ಹೇಗೆ ಗುರ್ತು ಹಿಡೀತಾಳೆ? ತನ್ನ ಹೊಲಿಗೆ ಆದ್ರೆ ಹಿಡೀತಾಳೆ.”



“ಟೀಚರ್,” ಎಂದ ಗ್ರಿಗೋರೆ, “ಕಳುವಾದ ಕುಪ್ಪಸ ಇದೇನಾ?”

ದೊಮ್ನಿಕಾ ಬಗ್ಗಿದರು. ಮಡಚಿಕೊಂಡಿದ್ದ ತೋಳಿನ ನೆರಿಗೆಯನ್ನು ಬೆರಳಿನಿಂದ ನೇರ ಮಾಡಿದರು. ಗುಂಡಿಯೊಂದು ತಪ್ಪಾಗಿ ಸಿಕ್ಕಿತ್ತು; ಬಿಚ್ಚಿ ಸರಿಯಾಗಿ ಹಾಕಿದರು.

“ನಮ್ಮದಕ್ಕೆ ನಂಬರ್ ಇತ್ತು. ನಂಬರ್ ಇಲ್ದೆ ನಾನು ಗುರ್ತು ಹೇಳಕ್ಕಾಗಲ್ಲ. ಬರ್ಕೋ.”

ಗ್ರಿಗೋರೆ ಬರೆದುಕೊಂಡ. ಜಪ್ತಿ ಪಂಚನಾಮೆಯಲ್ಲಿ ಒಂದೇ ವಸ್ತು: ೪೧ ಎಂದು ಬರೆದ ಬಟ್ಟೆ ಪಟ್ಟಿ.

ಬುಧವಾರ ಮಧ್ಯಾಹ್ನ ಪಲಾಗ್ಯಾಳನ್ನು ಕುಪ್ಪಸದ ಸಮೇತ ಮಣ್ಣು ಮಾಡಿದರು. ಬೀಗ ತೆಗೆದು ಒಳಗೆ ಹೋದದ್ದನ್ನು ಗವ್ರಿಲಾ ತಾನೇ ಒಪ್ಪಿಕೊಂಡಿದ್ದರಿಂದ, ಸಮಾಧಿಯ ಊಟವಾದ ಮೇಲೆ ನಾಲ್ಕು ಗಂಟೆಗೆ ಅವನ ಬಂಧನವಾಯಿತು. ಬಂಧನ ಪತ್ರದಲ್ಲಿ ಅಪರಾಧದ ಉದ್ದೇಶದ ಕಾಲಮ್ಮಿನ ಮುಂದೆ ಗ್ರಿಗೋರೆ ತುಂಬ ಹೊತ್ತು ಪೆನ್ನು ಹಿಡಿದು ಕುಳಿತ. ಕೊನೆಗೆ, ‘ಹೆಂಡತಿಯನ್ನು ತಾಯಿಮನೆಗೆ ಕಳಿಸಲು’ ಎಂದು ಬರೆದ.

ಮುದುಕ ಬರಿದಲೆಯಲ್ಲಿ ಠಾಣೆಯೊಳಗೆ ಬಂದ. ಕೈತೊಳೆಯುವ ಬೇಸಿನ್ನಿನ ಮೇಲೆ ನುತ್ಸು ದಿನಾ ಬೆಳಿಗ್ಗೆ ಮುಖಕ್ಷೌರ ಮಾಡಿಕೊಳ್ಳುವ ಸಣ್ಣ ಕನ್ನಡಿಯಿತ್ತು. ಗವ್ರಿಲಾ ಅದರ ಮುಂದೆ ನಿಂತು, ಶವಸಂಸ್ಕಾರದಲ್ಲಿ ಪದ್ಧತಿಯಂತೆ ಎಲ್ಲರಿಗೂ ಹಂಚಿ ಉಳಿದಿದ್ದ ಟವೆಲ್ಲನ್ನು ಹೆಗಲಿಂದ ತೆಗೆದು ಅದರ ಮೇಲೆ ಹೊದಿಸಿ, ಬೆಂಚಿನ ಮೇಲೆ ಕುಳಿತ.

ಮರುದಿನ ಬೆಳಿಗ್ಗೆ ನುತ್ಸು ಮುಖಕ್ಷೌರವನ್ನು ಮನೆಯಲ್ಲೇ ಮುಗಿಸಿಕೊಂಡು ಬಂದ.